ಕೀಲೆಣ್ಣೆಯಿಂದ ಕ್ರೌನ್ ಎಣ್ಣೆಗೆ

ಒಂದು ಕಾಲಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ರೈತ ಸಂತೆಗೆ ಬಂಡಿ ಹೂಡುವ ಮುಂಚೆ ಮರೆಯದೆ ಮಾಡುತ್ತಿದ್ದ ಕೆಲಸವೊಂದಿತ್ತು. ಕೀಲು ಕಿತ್ತು, ಗಾಲಿಯನ್ನು ತುಸು ಹೊರಗೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುವುದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಕಪ್ಪು ಜಿಡ್ಡು ಬಂಡಿಯ ಕೆಳಗೇ ಒಂದು ಗೊಟ್ಟದಲ್ಲಿ ತೂಗಾಡುತ್ತಿತ್ತು. ಎಣ್ಣೆ ಹಾಕಲು ಮರೆತರೆ ಗಾಲಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಬಂಡಿಯ ಕಷ್ಟವನ್ನು ಬಂಡಿಯೇ ಹೇಳಿಕೊಳ್ಳುತ್ತಿತ್ತು.

ಈಗ ಅದೇ ದಾರಿಗಳಲ್ಲಿ ಕ್ರೂಸರ್, ಬೊಲೆರೊ, ಟಾಟಾ ಏಸ್‌ಗಳು ಓಡುತ್ತವೆ. ಇವುಗಳ ಹಿಂದಿನ ಗಾಲಿಗಳ ನಡುವೆ, ಕೆಳಗೆ ಬಗ್ಗಿ ನೋಡಿದರೆ, ಕುಂಬಳಕಾಯಿಯಂಥ ಒಂದು ಕಬ್ಬಿಣದ ಗೋಳ ಕಾಣುತ್ತದೆ. ಅದರೊಳಗೂ ಎಣ್ಣೆಯುಂಟು. ಆದರೆ ಈ ಗೋಳ ಬಂಡಿಯಂತೆ ಬೇಗ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟು ಗೊರಗುಟ್ಟುವ ಹೊತ್ತಿಗೆ ಬಹುಪಾಲು ಕೆಲಸ ಕೆಟ್ಟಿರುತ್ತದೆ. ಆಗ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

"ಕ್ರೌನ್ ಹೋಗ್ಯಾದ್ರೀ ಸಾವಕಾರ್ರ. ಒಳಗ ಎಣ್ಣಿ ಅಲ್ರೀ, ಛಾ ಅದ."

"ಹ್ವಾದ ತಿಂಗಳನ ಎಣ್ಣಿ ಬದಲಿ ಮಾಡ್ಸೀನಲ್ಲೋ ತಮ್ಮಾ!"

"ಅದು ಇಂಜಿನ್ನಿಂದ್ರೀ. ಇದು ಬ್ಯಾರೆ."

ಇದು ಬೇರೆ ಎಂಬುದೇ ಅನೇಕ ಮಾಲೀಕರಿಗೆ ತಿಳಿದಿರುವುದಿಲ್ಲ. ಎಂಜಿನ್ನಿನ ಎಣ್ಣೆ, ಗೇರ್‌ಬಾಕ್ಸಿನ ಎಣ್ಣೆ, ಹಿಂದಿನ ಡಿಫರೆನ್ಶಿಯಲ್ಲಿನ ಎಣ್ಣೆ ಮೂರೂ ಪ್ರತ್ಯೇಕ. ಮೆಕ್ಯಾನಿಕ್ಕುಗಳು ಮೂರನೆಯದನ್ನು ಕ್ರೌನ್ ಎಣ್ಣೆ ಎನ್ನುತ್ತಾರೆ. ಅದನ್ನು ಬದಲಿಸುವುದು ಮನೆಯ ಅಂಗಳದಲ್ಲೇ ಒಂದು ತಾಸಿನಲ್ಲಿ ಮುಗಿಯುವ ಕೆಲಸ. ಮುರಿದ ಕ್ರೌನ್ ಬದಲಿಸುವುದು ಹಾಗಲ್ಲ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದರೊಡನೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಕೆಟ್ಟರೆ ಎರಡನ್ನೂ ಕೊಳ್ಳಬೇಕು. ಕೂದಲೆಳೆಯ ಅಂತರ ನೋಡಿ ಕೂಡಿಸಬಲ್ಲ ಕೈಯೂ ಬೇಕು.

ಮೊದಲಿಗೆ, ನಿಮ್ಮ ವಾಹನದಲ್ಲಿ ಈ ಗೋಳ ಇದೆಯೇ ಎಂದು ನೋಡಿಕೊಳ್ಳಿ. ಮಾರುತಿ 800, ಆಲ್ಟೊ, ಸ್ವಿಫ್ಟ್‌ಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಗಾಲಿಗಳನ್ನು. ಅವುಗಳ ಡಿಫರೆನ್ಶಿಯಲ್ ಗೇರ್‌ಬಾಕ್ಸಿನ ಒಡಲಲ್ಲೇ ಸೇರಿಕೊಂಡಿದೆ. ಜೀಪು, ಬೊಲೆರೊ, ಕ್ರೂಸರ್, ಓಮ್ನಿ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್, ಇವೆಲ್ಲ ಹಿಂದಿನ ಗಾಲಿಯಿಂದ ನೂಕಿಸಿಕೊಳ್ಳುವ ಜಾತಿಯವು.

ತಿರುವಿನ ಲೆಕ್ಕ

ಈ ಗೋಳವಾದರೂ ಏಕೆ ಬೇಕು? ಎತ್ತಿನ ಬಂಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಗಾಲಿಗಳು ತಿರುಗುತ್ತವೆ, ಅದೂ ತಮ್ಮ ಪಾಡಿಗೆ ತಾವು. ಬಂಡಿ ಹೊರಳುವಾಗ ಒಳಗಿನ ಗಾಲಿ ಕಡಿಮೆ, ಹೊರಗಿನದು ಹೆಚ್ಚು ಸುತ್ತುತ್ತದೆ, ಯಾರದೂ ಅಡ್ಡಿಯಿಲ್ಲ. ಕಾರಿನಲ್ಲಿ ಹಾಗಲ್ಲ. ಎಂಜಿನ್ನಿನ ಬಲ ಎರಡೂ ಗಾಲಿಗಳಿಗೆ ಮುಟ್ಟಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಟೈರು ನೆಲಕ್ಕೆ ತೇಯುತ್ತ ಜಾರಲೇಬೇಕು.

ಎಷ್ಟು ಜಾರಬೇಕು ಎಂಬುದನ್ನು ಹತ್ತನೆಯ ತರಗತಿಯ ಹುಡುಗನೂ ಲೆಕ್ಕ ಮಾಡಿಯಾನು. ಎರಡು ಗಾಲಿಗಳ ನಡುವಿನ ಅಂತರ 1.4 ಮೀಟರ್ ಎನ್ನಿ. ವಾಹನ ಒಂದು ಪೂರ್ಣ ಸುತ್ತು ಹಾಕಿದರೆ ಹೊರಗಾಲಿ ಒಳಗಾಲಿಗಿಂತ 2 × 3.14 × 1.4, ಅಂದರೆ ಸುಮಾರು 8.8 ಮೀಟರ್ ಹೆಚ್ಚು ಓಡುತ್ತದೆ. ಇದರಲ್ಲೊಂದು ಬೆರಗುಂಟು. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ವ್ಯತ್ಯಾಸ ಅಷ್ಟೇ. ಮನೆಯ ಮುಂದಿನ ಬಯಲಲ್ಲಿ ಸುತ್ತಿದರೂ 8.8 ಮೀಟರ್, ಇಡೀ ಸಿಂಧನೂರು ಊರನ್ನು ಬಳಸಿ ಬಂದರೂ 8.8 ಮೀಟರ್! ಗಾಲಿಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ನಾಲ್ಕು ಸುತ್ತು.

ಈ ತೊಡಕನ್ನು ಬಿಡಿಸಿ 1827-28ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಕರ್. ಎಂಜಿನ್ ಕಡೆಯಿಂದ ಬರುವ ಉದ್ದ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಹಳೆಯ ವಿಲ್ಲಿಸ್ ಸಿಜೆ-3ಬಿ ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಶಾಫ್ಟು ಐದು ಸುತ್ತಿಗೂ ಮಿಕ್ಕಿ ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ವೇಗ ಇಳಿದಷ್ಟೂ ಬಲ ಏರುತ್ತದೆ. ಕ್ರೌನಿನ ಬೆನ್ನಿಗೆ ಕಟ್ಟಿದ ಗೂಡಿನೊಳಗೆ ಸ್ಟಾರ್ ಪಿನಿಯನ್ ಎಂಬ ಪುಟ್ಟ ಗೇರುಗಳಿದ್ದು, ಒಂದು ಗಾಲಿ ಕಳೆದುಕೊಂಡ ಸುತ್ತನ್ನು ಇನ್ನೊಂದಕ್ಕೆ ಕೊಡುವ ವ್ಯವಹಾರ ಅವುಗಳದು.

ಈ ವ್ಯವಹಾರದಲ್ಲಿ ಒಂದು ದೋಷವಿದೆ. ಡಿಫರೆನ್ಶಿಯಲ್ ಎರಡೂ ಗಾಲಿಗಳಿಗೆ ಹಂಚುವ ತಿರುಚುಬಲ ಸಮಸಮ. ಕ್ಯಾಂಪಿನ ದಾರಿಯಲ್ಲಿ, ಮಳೆ ಬಿದ್ದ ಎರೆಮಣ್ಣಿನಲ್ಲಿ ಒಂದು ಗಾಲಿ ಹೂತು ಜಾರತೊಡಗಿತೆನ್ನಿ. ಜಾರುವ ಗಾಲಿಗೆ ಬೇಕಾದ ಬಲ ಅತ್ಯಲ್ಪ. ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ಅಲ್ಪ ಬಲ ಸಿಕ್ಕುತ್ತದೆ. ಅದು ಕಲ್ಲಿನಂತೆ ನಿಂತಿರುತ್ತದೆ, ಇನ್ನೊಂದು ಕೆಸರು ಎರಚುತ್ತಿರುತ್ತದೆ. ವೇಗದ ಮುಳ್ಳು 40 ತೋರಿಸುತ್ತಿದ್ದರೆ ಆ ಒಂದೇ ಗಾಲಿ 80ರ ವೇಗದಲ್ಲಿ ತಿರುಗುತ್ತಿದೆ ಎಂದರ್ಥ. ಸ್ಟಾರ್ ಪಿನಿಯನ್ನುಗಳು ತಿರುವಿನಲ್ಲಿ ನಿಧಾನ ಹೊರಳಲೆಂದು ಮಾಡಿದವು. ಹೀಗೆ ಹತ್ತು ನಿಮಿಷ ಗಿರಕಿ ಹೊಡೆಸಿದರೆ ಕಾದು ಸವೆಯುತ್ತವೆ. ಗದ್ದೆಗಿಳಿಯುವ ಟ್ರ್ಯಾಕ್ಟರಿಗೆ ಎರಡೂ ಗಾಲಿಗಳನ್ನು ಒಟ್ಟಿಗೆ ಕಟ್ಟಿಹಾಕುವ ಡಿಫರೆನ್ಶಿಯಲ್ ಲಾಕ್ ಪೆಡಲ್ ಕೊಟ್ಟಿರುವುದು ಇದಕ್ಕೇ.

ಎಣ್ಣೆಗೆ ಏಕಿಷ್ಟು ವಾಸನೆ

ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಗುರುತಿಸಿದಾಗ ಜಗತ್ತಿನ ಕಾರುಗಳಲ್ಲಿ ಡಿಫರೆನ್ಶಿಯಲ್ ಇತ್ತು. ಆದರೆ ಈಗಿನ ಬಗೆಯ ಹೈಪಾಯಿಡ್ ಹಲ್ಲುಗಳು ಇರಲಿಲ್ಲ. ಅವು ಬಂದದ್ದು 1920ರ ದಶಕದಲ್ಲಿ, ಅಮೆರಿಕದ ಪ್ಯಾಕರ್ಡ್ ಕಾರಿನೊಡನೆ. ಇವುಗಳಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಎದುರಾಗಿರದೆ ಕೆಳಗೆ ಸರಿದಿರುತ್ತದೆ. ಶಾಫ್ಟು ತಗ್ಗುತ್ತದೆ, ಕಾರಿನ ನೆಲವೂ ತಗ್ಗುತ್ತದೆ, ಸದ್ದು ಕಡಿಮೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಭಾರೀ ಒತ್ತಡದಲ್ಲಿ ಉಜ್ಜುತ್ತವೆ ಕೂಡ. ಸಾಮಾನ್ಯ ಎಣ್ಣೆಯ ಪದರು ಅಲ್ಲಿ ಹರಿದುಹೋಗುತ್ತದೆ.

ಅದಕ್ಕಾಗಿ ಈ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲುಗಳು ಒತ್ತಿ ಕಾಯುವ ಬಿಂದುವಿನಲ್ಲಿ ಇವು ಉಕ್ಕಿನೊಡನೆ ವರ್ತಿಸಿ ತೆಳುವಾದ ಪೊರೆ ಕಟ್ಟುತ್ತವೆ. ಲೋಹ ಲೋಹಕ್ಕೆ ಅಂಟದಂತೆ ತಡೆಯುವುದು ಈ ಪೊರೆಯೇ. ಡಬ್ಬ ತೆರೆದೊಡನೆ ಮೂಗಿಗೆ ಹೊಡೆಯುವ ಕೊಳೆತ ವಾಸನೆ ಗಂಧಕದ್ದು. ಹಳೆ ಅಂಗಿ ಹಾಕಿಕೊಂಡು ಕೂರುವುದೇ ಲೇಸು. ಒಗೆದರೂ ಹೋಗುವ ವಾಸನೆಯಲ್ಲ ಅದು.

ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎಂಬ ಗುರುತುಗಳಿರುತ್ತವೆ. ಹೈಪಾಯಿಡ್ ಕ್ರೌನಿಗೆ ಸಾಮಾನ್ಯವಾಗಿ ಹೇಳುವುದು ಜಿಎಲ್-5. ಅದನ್ನೇ ಗೇರ್‌ಬಾಕ್ಸಿಗೂ ಸುರಿಯುವ ಜಾಣತನ ಬೇಡ. ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ಗಂಧಕ ತಿನ್ನಬಲ್ಲದು. 80ಡಬ್ಲ್ಯು-90, 85ಡಬ್ಲ್ಯು-140 ಎಂಬಂಥ ಅಂಕಿಗಳು ಎಣ್ಣೆಯ ದಪ್ಪವನ್ನು ಹೇಳುತ್ತವೆ. ಯಾವುದು, ಎಷ್ಟು, ಎಷ್ಟು ಕಿಲೋಮೀಟರಿಗೊಮ್ಮೆ ಎಂಬುದಕ್ಕೆ ವಾಹನದೊಡನೆ ಬಂದ ಪುಸ್ತಕವೇ ಪ್ರಮಾಣ.

ಪುಸ್ತಕದ ಗಡುವಿಗೆ ಕಾಯದೆ ಬದಲಿಸಬೇಕಾದ ಸಂದರ್ಭವೊಂದುಂಟು, ಅದು ನೀರು. ಡಿಫರೆನ್ಶಿಯಲ್ಲಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಿಂಡಿ ಇರುತ್ತದೆ. ಹತ್ತಾರು ಮೈಲಿ ಓಡಿ ಕಾದ ಜೀಪು ತುಂಬಿದ ಮಸ್ಕಿ ಹಳ್ಳಕ್ಕೋ ಕಾಲುವೆಯ ಬದಿಯ ಗದ್ದೆಗೋ ಇಳಿದಾಗ ಒಳಗಿನ ಗಾಳಿ ಒಮ್ಮೆಗೇ ತಣಿದು ಕುಗ್ಗುತ್ತದೆ. ಆ ತೆರವು ತುಂಬಲು ಗಿಂಡಿಯಿಂದಲೋ ಸೀಲಿನ ಅಂಚಿನಿಂದಲೋ ನೀರು ಒಳಸೇರುತ್ತದೆ. ಎಣ್ಣೆಯೊಡನೆ ಕಡೆದು ಹಾಲು ಬೆರೆತ ಚಹಾದ ಬಣ್ಣಕ್ಕೆ ಬರುತ್ತದೆ. ಮೆಕ್ಯಾನಿಕ್ ಹೇಳಿದ "ಛಾ" ಇದೇ. ಇನ್ನು ಎರೆಮಣ್ಣು ಕುಳಿತು ಗಿಂಡಿ ಮುಚ್ಚಿಹೋದರೆ ವಿಪರೀತ ಬೇರೆ. ಕಾದ ಗಾಳಿ ಎಣ್ಣೆಯನ್ನು ಸೀಲಿನಾಚೆ ನೂಕಿ ಬ್ರೇಕಿನ ಲೈನರ್ ಮೇಲೆ ಹರಿಸುತ್ತದೆ. ಹಿಂದಿನ ಒಂದು ಗಾಲಿಗೆ ಬ್ರೇಕು ಹಿಡಿಯದು. ಗಾಲಿಯ ಒಳಮೈಯಲ್ಲಿ ಎಣ್ಣೆಯ ಪಸೆ ಕಂಡರೆ ಅಂದೇ ತೋರಿಸಿ.

ಜ್ಯಾಕಿನ ಅಪಾಯ

ಕೆಲಸಕ್ಕೆ ಕೂರುವ ಮುನ್ನ ಒಂದು ಎಚ್ಚರಿಕೆ. ಅನೇಕರು ಹಿಂದಿನ ಒಂದು ಗಾಲಿಯನ್ನು ಜ್ಯಾಕಿನಿಂದ ಎತ್ತಿ, ಗೇರಿನಲ್ಲಿ ನಿಲ್ಲಿಸಿದ್ದೇವಲ್ಲ ಎಂಬ ಧೈರ್ಯದ ಮೇಲೆ ಕೆಳಗೆ ನುಸುಳುತ್ತಾರೆ. ತಿರುವಿನಲ್ಲಿ ನೆರವಾದ ಡಿಫರೆನ್ಶಿಯಲ್ ಇಲ್ಲಿ ಕೈಕೊಡುತ್ತದೆ. ಶಾಫ್ಟು ನಿಂತಿದ್ದರೂ ನೆಲದ ಮೇಲಿನ ಗಾಲಿ ಮುಂದಕ್ಕೆ ಉರುಳಬಹುದು; ಎತ್ತಿದ ಗಾಲಿ ಹಿಂದಕ್ಕೆ ತಿರುಗಿ ದಾರಿ ಮಾಡಿಕೊಡುತ್ತದೆ. ಗೇರು ಏನನ್ನೂ ಹಿಡಿಯದು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಗಾಲಿಗಳಲ್ಲಿರದೆ ಶಾಫ್ಟಿನ ಮೇಲೆಯೇ ಇತ್ತು. ಅಂಥ ಜೀಪಿನಲ್ಲಿ ಒಂದು ಹಿಂಗಾಲಿ ಎತ್ತಿದೊಡನೆ ಹ್ಯಾಂಡ್‌ಬ್ರೇಕೂ ವ್ಯರ್ಥ. ಕೆಳಗಿದ್ದವನ ಎದೆಯ ಮೇಲೆ ಜೀಪು ಕೂತೀತು.

ಆದ್ದರಿಂದ ಎತ್ತದಿರುವುದೇ ಉತ್ತಮ. ಜೀಪು, ಬೊಲೆರೊ, ಕ್ರೂಸರ್‌ಗಳು ಸಾಕಷ್ಟು ಎತ್ತರವಾಗಿದ್ದು, ಚೀಲ ಹಾಸಿಕೊಂಡು ಮಲಗಿದರೆ ಕೈ ಎಟುಕುತ್ತದೆ. ಸಮನೆಲ ನೋಡಿ ನಿಲ್ಲಿಸಿ, ಮುಂದಿನ ಗಾಲಿಗಳ ಎರಡೂ ಬದಿಗೆ ಕಲ್ಲು ಕೊಟ್ಟರಾಯಿತು. ತಗ್ಗಿನ ಕಾರಾದರೆ ಗ್ಯಾರೇಜಿನ ಗುಂಡಿಯನ್ನು ಒಂದು ತಾಸು ಬೇಡಿ ಪಡೆಯಿರಿ. ಬರಿಯ ಜ್ಯಾಕು, ಇಟ್ಟಿಗೆ, ಟೊಳ್ಳು ಸಿಮೆಂಟು ಬ್ಲಾಕುಗಳನ್ನು ನಂಬುವಂತಿಲ್ಲ. ಹಿಂಭಾಗ ಮಾತ್ರ ಎತ್ತಿದರೆ ಎಣ್ಣೆಯ ಮಟ್ಟವೂ ತಪ್ಪುತ್ತದೆ.

ಐದಾರು ಕಿಲೋಮೀಟರ್ ಓಡಿಸಿ ಬಂದರೆ ಎಣ್ಣೆ ಬೆಚ್ಚಗಾಗಿ ಸಲೀಸಾಗಿ ಹರಿಯುತ್ತದೆ. ತಂತಿ ಬ್ರಷ್ಷಿನಿಂದ ಗೋಳದ ಮೇಲಿನ ಮಣ್ಣು ತೆಗೆಯಿರಿ. ಎರಡು ಬಿರಡೆಗಳಿರುತ್ತವೆ: ತುಂಬುವುದು ಮೇಲೆ, ಇಳಿಸುವುದು ಕೆಳಗೆ. ಮೊದಲು ಬಿಚ್ಚಬೇಕಾದದ್ದು ಮೇಲಿನದು. ವರ್ಷಗಟ್ಟಲೆ ತುಕ್ಕು ಹಿಡಿದ ಆ ಬಿರಡೆ ಹಟ ಹಿಡಿದರೆ, ಎಣ್ಣೆ ಇಳಿಸಿ ಕೂತವನು ತುಂಬಲಾರದೆ, ಗಾಡಿ ಓಡಿಸಲೂ ಆಗದೆ ಪೇಚಿಗೆ ಸಿಕ್ಕುತ್ತಾನೆ. ಕೆಲವು ಗಾಡಿಗಳಿಗೆ ಕೆಳಬಿರಡೆಯೇ ಇಲ್ಲ. ಹಿಂದಿನ ಮುಚ್ಚಳ ಬಿಚ್ಚಬೇಕು, ಇಲ್ಲವೆ ಪಂಪಿನಿಂದ ಹೀರಬೇಕು.

ಇಳಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದು ನೋಡಿ. ಕಪ್ಪಾಗಿದ್ದರೆ ವಯಸ್ಸಾಗಿದೆ, ಅಷ್ಟೇ. ಬಿರಡೆಗೆ ಅಯಸ್ಕಾಂತವಿದ್ದರೆ ಅದರ ತುದಿಗೆ ಬೂದುಬಣ್ಣದ ನುಣ್ಣನೆಯ ಗಸಿ ಅಂಟಿರುತ್ತದೆ. ಹಲ್ಲುಗಳ ಸಹಜ ಸವೆತವದು, ಒರೆಸಿಬಿಡಿ. ಉಗುರಿಗೆ ಸಿಗುವಂಥ ಚೂರುಗಳಿದ್ದರೆ ಮಾತ್ರ ಅವನ್ನು ಕಾಗದದಲ್ಲಿ ಕಟ್ಟಿಕೊಂಡು ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಬೇಕು. ಒಳಗೆ ಸೀಮೆಎಣ್ಣೆ ಹಾಕಿ ಗಲಬರಿಸುವ ಹಳೆಯ ರೂಢಿಯುಂಟು. ಬೇಡ. ಮೂಲೆಯಲ್ಲುಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ.

ಕೆಳಬಿರಡೆಗೆ ಹೊಸ ವಾಷರ್ ಹಾಕಿ ಬಿಗಿದು ತುಂಬಿಸಲು ಶುರುಮಾಡಿ. ಈ ಎಣ್ಣೆ ಕಾಕಂಬಿಯಂತೆ ಹರಿಯುತ್ತದೆ. ಚಳಿದೇಶದವರು ಡಬ್ಬವನ್ನು ಬಿಸಿನೀರಿನಲ್ಲಿ ಇಡುತ್ತಾರಂತೆ; ಏಪ್ರಿಲ್ ತಿಂಗಳ ಸಿಂಧನೂರಿನಲ್ಲಿ ಅರ್ಧ ತಾಸು ಬಿಸಿಲಿಗಿಟ್ಟರೆ ಸಾಕು. ಕೈಪಂಪಿಲ್ಲದಿದ್ದರೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆಗೆ ಆಲಿಕೆ ಸಿಕ್ಕಿಸಿ ಎತ್ತರದಲ್ಲಿ ಹಿಡಿಯಿರಿ, ಗುರುತ್ವಾಕರ್ಷಣೆ ತನ್ನ ಕೆಲಸ ಮಾಡುತ್ತದೆ. ಮೇಲಿನ ತೂತಿನ ಅಂಚಿನಿಂದ ಎಣ್ಣೆ ತೊಟ್ಟಿಕ್ಕಿದಾಗ ನಿಲ್ಲಿಸಿ. ಇನ್ನಷ್ಟು ಇರಲಿ ಎಂದು ತುರುಕಿದರೆ ನೊರೆ ಬಂದು ಸೀಲಿನಿಂದ ಹೊರಬೀಳುತ್ತದೆ. ಉಸಿರುಗಿಂಡಿಯ ಮಣ್ಣನ್ನು ಸಣ್ಣ ತಂತಿಯಿಂದ ತೆಗೆಯುವುದನ್ನು ಮರೆಯಬೇಡಿ.

ಇನ್ನು ಹಳೆ ಎಣ್ಣೆಯ ಮಾತು. ಗೆದ್ದಲಿಗೆಂದು ಬಾಗಿಲ ಕಟ್ಟಿಗೆ ಬಳಿಯುವವರುಂಟು, ಚರಂಡಿಗೆ ಸುರಿಯುವವರೂ ಉಂಟು. ಸಿಂಧನೂರಿನ ಮನೆಗಳ ನಲ್ಲಿಗೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಕೆರೆಗೆ ತುಂಬಿಸಿದ ನೀರು. ಕಾಲುವೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಎಣ್ಣೆ ಇಳಿಸುವವನು ತನ್ನ ಮನೆಯ ಕೊಡಕ್ಕೇ ಗಂಧಕದ ಜಿಡ್ಡು ಬೆರೆಸುತ್ತಿದ್ದಾನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಬಂದ ಡಬ್ಬಕ್ಕೇ ತುಂಬಿ, ಮುಚ್ಚಳ ಬಿಗಿದು, ಹಳೆ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಟ್ಟರೆ ಶುದ್ಧಿ ಮಾಡುವವರ ಕೈ ಸೇರುತ್ತದೆ.

ಬಾನೆಟ್ಟಿನ ಒಳಮೈ ಮೇಲೆ ಅಂದಿನ ಕಿಲೋಮೀಟರನ್ನು ಪೇಂಟಿನಲ್ಲಿ ಬರೆದಿಡಿ. ಮಸ್ಕಿಯವರೆಗೆ ಹೋಗಿ ಬಂದು, ರಾತ್ರಿ ಹಿಂದಿನ ಗಾಲಿಗಳ ನಡುವೆ ಹಳೆಯ ಪೇಪರ್ ಒಂದನ್ನು ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಹನಿಯಿದ್ದರೆ ಬಿರಡೆಯನ್ನು ಇನ್ನೊಂದು ಸುತ್ತು ಬಿಗಿಯಬೇಕು.