ಗಾಂಜಾ ಗಿಡದ ಸಿಬಿಡಿ: ಔಷಧವೆಷ್ಟು, ಪ್ರಚಾರವೆಷ್ಟು?

ಗಾಂಜಾ ಎಂದೊಡನೆ ಅಮಲು, ಪೊಲೀಸು, ಜೈಲು ನೆನಪಾಗುವುದು ಸಹಜ. ಆದರೆ ಅದೇ ಗಿಡದಲ್ಲಿ ಅಮಲೇರಿಸದ ರಾಸಾಯನಿಕವೊಂದಿದೆ. ಅದರ ಹೆಸರು ಕ್ಯಾನಬಿಡಿಯಾಲ್, ಸಂಕ್ಷಿಪ್ತವಾಗಿ ಸಿಬಿಡಿ. ನಿದ್ರಾಹೀನತೆಯಿಂದ ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಇದು ರಾಮಬಾಣವೆಂಬ ಪ್ರಚಾರ ನಡೆದಿದೆ. ಇದರಲ್ಲಿ ನಿಜವೆಷ್ಟು?

ಅಮಲಿಲ್ಲದ ಅಂಶ

ಅಮೆರಿಕದ ರಸಾಯನ ವಿಜ್ಞಾನಿ ರೋಜರ್ ಆಡಮ್ಸ್ 1940ರಲ್ಲಿ ಸಿಬಿಡಿಯನ್ನು ಗಿಡದಿಂದ ಬೇರ್ಪಡಿಸಿದರು. ಇಸ್ರೇಲಿನ ರಾಫೆಲ್ ಮೆಶೂಲಮ್ 1963ರಲ್ಲಿ ಅದರ ರಚನೆಯನ್ನು ನಿಖರವಾಗಿ ಗುರುತಿಸಿದರು. ಗಾಂಜಾದ ಅಮಲಿಗೆ ಕಾರಣವಾದದ್ದು ಟಿಎಚ್‌ಸಿ ಎಂಬ ಬೇರೊಂದು ಅಂಶ. ಶುದ್ಧ ಸಿಬಿಡಿ ಚಟ ಹತ್ತಿಸುವ ಲಕ್ಷಣ ತೋರಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2018ರಲ್ಲಿ ಅಭಿಪ್ರಾಯಪಟ್ಟಿತು.

ಸಾಬೀತಾದದ್ದು ಅಪಸ್ಮಾರದಲ್ಲಿ

ಸಿಬಿಡಿಯ ಗುಣ ಗಟ್ಟಿಯಾಗಿ ಸಾಬೀತಾಗಿರುವುದು ಮಕ್ಕಳನ್ನು ಕಾಡುವ ಕೆಲವು ವಿರಳ ಅಪಸ್ಮಾರಗಳಲ್ಲಿ. ಡ್ರಾವೆ ಸಿಂಡ್ರೋಮ್ ಅವುಗಳಲ್ಲೊಂದು. ಮಗುವಿಗೆ ವರ್ಷ ತುಂಬುವ ಮೊದಲೇ ಆರಂಭವಾಗುವ ಇದರ ಸೆಳವು ಸಾಮಾನ್ಯ ಮಾತ್ರೆಗಳಿಗೆ ಬಗ್ಗುವುದು ಕಷ್ಟ. 120 ಮಕ್ಕಳು ಮತ್ತು ಯುವಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಬಿಡಿ ಪಡೆದವರ ತಿಂಗಳ ಸೆಳವುಗಳ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು. ಹುಸಿ ಔಷಧ ಪಡೆದವರಲ್ಲಿ ಅದು 14.9ರಿಂದ 14.1ಕ್ಕಷ್ಟೇ ಇಳಿಯಿತು. ಇದರ ಬೆನ್ನಲ್ಲೇ ಎಪಿಡಿಯೊಲೆಕ್ಸ್ ಎಂಬ ಸಿಬಿಡಿ ದ್ರಾವಣಕ್ಕೆ ಅಮೆರಿಕ 2018ರಲ್ಲಿ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಸಿಂಡ್ರೋಮ್‌ಗಳಿಗಾಗಿ, 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್‌ನ ಸೆಳವಿಗಾಗಿ ಒಪ್ಪಿಗೆ ನೀಡಿತು.

ಆದರೆ ಆ ಅಧ್ಯಯನದಲ್ಲಿ ಸೆಳವು ಪೂರ್ತಿಯಾಗಿ ನಿಂತದ್ದು ನೂರಕ್ಕೆ ಐವರಲ್ಲಿ ಮಾತ್ರ. ಅಲ್ಲದೆ ಸಿಬಿಡಿಯನ್ನು ನೀಡಿದ್ದು ಹಳೆಯ ಮಾತ್ರೆಗಳ ಜತೆಗೇ ಹೊರತು ಅವುಗಳ ಬದಲಿಗಲ್ಲ.

ಉಳಿದ ರೋಗಗಳಲ್ಲಿ?

ಆತಂಕದ ಮೇಲೆ ಸಣ್ಣ ಪ್ರಮಾಣದ ಪ್ರಯೋಗಗಳು ಭರವಸೆ ಮೂಡಿಸಿವೆ. 2011ರಲ್ಲಿ ಬ್ರೆಜಿಲ್‌ನ ಸಂಶೋಧಕರು ಸಭಾಕಂಪನವಿದ್ದವರಿಗೆ 600 ಮಿಲಿಗ್ರಾಂ ಸಿಬಿಡಿ ನೀಡಿದಾಗ ಭಾಷಣದ ಭಯ ತಗ್ಗಿತ್ತು. ಆದರೆ ರೋಗಿಗಳ ಸಂಖ್ಯೆ ಕೇವಲ 24. ಅವರಲ್ಲೂ ಅರ್ಧದಷ್ಟು ಮಂದಿಗೆ ಕೊಟ್ಟದ್ದು ಹುಸಿ ಔಷಧ. ನೋವು, ನಿದ್ರಾಹೀನತೆಗಳಿಗೆ ಪುರಾವೆ ಇನ್ನೂ ದುರ್ಬಲ. ಕ್ಯಾನ್ಸರನ್ನು ಇದು ಗುಣಪಡಿಸುತ್ತದೆ ಎಂಬುದು ಮನುಷ್ಯರಲ್ಲಿ ಸಾಬೀತಾಗಿಲ್ಲ.

ಎಚ್ಚರಿಕೆ ಏಕೆ?

ಸಿಬಿಡಿ ಯಕೃತ್ತಿನ ಕೆಲವು ಕಿಣ್ವಗಳ ಕೆಲಸಕ್ಕೆ ತಡೆಯೊಡ್ಡುತ್ತದೆ. ಕ್ಲೊಬಜಾಮ್ ಜತೆ ಸೇವಿಸಿದರೆ ಅತಿಯಾದ ಮಂಪರು ಕವಿಯಬಹುದು. ವಾಲ್ಪ್ರೊಯೇಟ್ ಜತೆ ಸೇವಿಸಿದರೆ ಯಕೃತ್ತಿಗೆ ಹಾನಿಯಾಗುವ ಸಂಭವ ಹೆಚ್ಚು. ಇವೆರಡೂ ಅಪಸ್ಮಾರಕ್ಕೆ ವೈದ್ಯರು ಬರೆದುಕೊಡುವ ಮಾತ್ರೆಗಳೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರೂ ಜಾಗರೂಕರಾಗಿರಬೇಕು.

ಸೀಸೆಯ ಮೇಲಿನ ಬರಹವನ್ನೂ ನಂಬುವಂತಿಲ್ಲ. ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ನಮೂದಿಸಿದ ಪ್ರಮಾಣ ಸರಿಯಾಗಿದ್ದುದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿಯೂ ಇತ್ತು. ಇನ್ನು ಅಡುಗೆಗೆ ಬಳಸುವ ಹೆಂಪ್ ಬೀಜದ ಎಣ್ಣೆಯೇ ಬೇರೆ. ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ.

ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯು ಗಿಡದ ಹೂತೆನೆ ಮತ್ತು ರಾಳವನ್ನು ಗಾಂಜಾ, ಚರಸ್ ಎಂದು ನಿಯಂತ್ರಿಸುತ್ತದೆ. ಆಯುರ್ವೇದ ಔಷಧಗಳಲ್ಲಿ ಬಳಸುವ ಭಂಗಿಯನ್ನೂ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬುದು ನಿಯಮ.

ಅಪಸ್ಮಾರದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ಬಿಡದೆ ಮರುಕಳಿಸಿ ಪ್ರಾಣಕ್ಕೇ ಕುತ್ತು ಬರಬಹುದು. ಆದುದರಿಂದ ಮಗುವಿಗೆ ಸಿಬಿಡಿ ಕೊಡಿಸುವ ಯೋಚನೆಯುಳ್ಳ ತಂದೆತಾಯಿಯರು ಮೊದಲು ನರರೋಗ ತಜ್ಞರನ್ನು ಕಾಣುವುದು ಒಳಿತು. ಈಗ ಸೇವಿಸುತ್ತಿರುವ ಮಾತ್ರೆಗಳ ಚೀಟಿ ಜತೆಗಿರಲಿ.