ಪೆಂಡಾಲಿನ ಧ್ವನಿವರ್ಧಕಕ್ಕೂ ಬೇಕು ಮಳೆಯಿಂದ ರಕ್ಷಣೆ

ಮುಂಬಯಿ: ಮಹಾನಗರದ ತುಳು-ಕನ್ನಡಿಗರ ಹಲವಾರು ಸಮಾರಂಭಗಳು ಮಳೆಯ ನಡುವೆಯೇ ಜರಗುತ್ತವೆ. ಸ್ವಾತಂತ್ರ್ಯೋತ್ಸವ, ಶ್ರೀಕೃಷ್ಣ ಜನ್ಮಾಷ್ಟಮಿ, ಗಣೇಶೋತ್ಸವ, ಊರಿನ ಕಲಾವಿದರ ತಾಳಮದ್ದಳೆ ಹೀಗೆ ಒಂದರ ಹಿಂದೆ ಒಂದು. ಮುಂಗಾರು ಮುಂಬಯಿಯಿಂದ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಮೊದಲ ಭಾಗದಲ್ಲಿ. ಸಭಾಗೃಹ ದೊರೆಯದಿದ್ದಾಗ ಸೊಸೈಟಿಯ ಅಂಗಳದಲ್ಲಿ ಟಾರ್ಪಾಲಿನ ಚಪ್ಪರವೇ ಗತಿ. ಸದಸ್ಯರ ದೇಣಿಗೆಯಿಂದ ಖರೀದಿಸಿದ ಆಂಪ್ಲಿಫೈಯರ್, ಮಿಕ್ಸರ್, ಪ್ರೊಜೆಕ್ಟರ್, ಲ್ಯಾಪ್‌ಟಾಪ್‌ಗಳು ಅಲ್ಲಿ ತೇವಕ್ಕೆ ತುತ್ತಾಗುತ್ತವೆ.

ಇವುಗಳಲ್ಲಿ ಹೆಚ್ಚಿನವು ಕೋಣೆಯೊಳಗಿನ ಬಳಕೆಗಾಗಿ ತಯಾರಾದವು. ಉಪಕರಣದ ಕೈಪಿಡಿಯಲ್ಲಿ ‘ಐಪಿ’ ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿದ್ದರೆ ಎರಡನೆಯದು ನೀರಿಗೆ ಸಂಬಂಧಿಸಿದ್ದು. ಅದು 0 ಆಗಿದ್ದರೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. 4 ಇದ್ದರೆ ಎಲ್ಲ ಕಡೆಯಿಂದ ಸಿಡಿಯುವ ಹನಿಯನ್ನು ತಾಳಬಲ್ಲದು.

ಮಳೆ ಬೀಳದಿದ್ದರೂ ಅಪಾಯ ತಪ್ಪಿದ್ದಲ್ಲ. ಹೊರಗೆ 30 ಡಿಗ್ರಿ ಉಷ್ಣತೆ, ಶೇ. 80 ಆರ್ದ್ರತೆ ಇದ್ದಾಗ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ನೀರು ಹನಿಗಟ್ಟುತ್ತದೆ. ಎಸಿ ಕೋಣೆಯಿಂದ ತಂದ ಲ್ಯಾಪ್‌ಟಾಪನ್ನು ತಕ್ಷಣ ಚಾಲೂ ಮಾಡಬಾರದು ಎನ್ನುವುದು ಇದಕ್ಕಾಗಿಯೇ. ಮುಚ್ಚಿದ ಚೀಲದಲ್ಲಿಯೇ ಒಂದು ತಾಸು ಬಿಟ್ಟು ಹೊರಗಿನ ಬಿಸಿಗೆ ಹೊಂದಿಕೊಂಡ ಬಳಿಕ ತೆರೆಯುವುದು ಕ್ಷೇಮ.

ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಸುತ್ತುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಚಾಲನೆಯಲ್ಲಿರುವ ಆಂಪ್ಲಿಫೈಯರಿಗೆ ಗಾಳಿ ಬೇಕು. ಮೇಲಿನಿಂದ ಮಾತ್ರ ಮರೆ ಮಾಡಿ, ಹಿಂಬದಿ ಹಾಗೂ ಕೆಳಭಾಗ ತೆರೆದಿಡಬೇಕು. ಕಾರ್ಯಕ್ರಮ ಮುಗಿದು ಉಪಕರಣ ತಣಿದ ಮೇಲೆಯೇ ಪೆಟ್ಟಿಗೆಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಬೇಕು. ಬಣ್ಣ ಬದಲಾಯಿಸುವ ಜೆಲ್ ಆಗಿದ್ದರೆ ತೇವ ತುಂಬಿದ್ದು ನೋಡಿದೊಡನೆ ತಿಳಿಯುತ್ತದೆ. ಉಪಕರಣಗಳನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಬೇಕು. ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತೆ ಕಟ್ಟಿದರೆ ಅದರ ಗುಂಟ ಇಳಿಯುವ ನೀರು ಪ್ಲಗ್ಗನ್ನು ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ.

ಉಪಕರಣಕ್ಕಿಂತಲೂ ಮುಖ್ಯವಾದುದು ಮನುಷ್ಯರ ಜೀವ. ಅರ್ಥಿಂಗ್ ಇಲ್ಲದ ಸಂಪರ್ಕದಲ್ಲಿ ದೋಷ ಉಂಟಾದರೆ ಮೈಕಿನ ಲೋಹದ ಭಾಗಕ್ಕೇ ವಿದ್ಯುತ್ ಹರಿಯಬಹುದು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಮೈಕು ಹಿಡಿದು ಹಾಡುವ ಭಜನಾ ಮಂಡಳಿಯ ಮಕ್ಕಳು, ಮಹಿಳೆಯರಿಗೆ ಇದು ಪ್ರಾಣಾಪಾಯ. ಪೆಂಡಾಲಿಗೆ ವಿದ್ಯುತ್ ಪಡೆಯುವಲ್ಲಿಯೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದರೆ ವಿದ್ಯುತ್ ಸೋರಿದ ಕ್ಷಣದಲ್ಲಿಯೇ ಸಂಪರ್ಕ ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ಕಾರ್ಯಕ್ರಮಕ್ಕೆ ಮುನ್ನ ಒತ್ತಿ ಪರೀಕ್ಷಿಸಬೇಕು. ಇನ್ಸುಲೇಶನ್ ಟೇಪು ಸುತ್ತಿದ ಜೋಡಣೆಗಳನ್ನು ನೀರು ನಿಲ್ಲುವಲ್ಲಿ ಬಿಡಲೇಬಾರದು.

ಇಷ್ಟಾಗಿಯೂ ನೀರು ಒಳಹೊಕ್ಕರೆ ಮೊದಲು ಮೈನ್ ಸ್ವಿಚ್ ಆರಿಸಿ, ನಂತರ ಪ್ಲಗ್ ತೆಗೆಯಬೇಕು. ‘ಸರಿಯಿದೆಯೋ ನೋಡೋಣ’ ಎಂದು ಚಾಲೂ ಮಾಡಿದರೆ ಉಳಿಯಬಹುದಾಗಿದ್ದ ಉಪಕರಣವೂ ಸುಟ್ಟುಹೋಗಬಹುದು. ಅಕ್ಕಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ, ಅದರ ಹುಡಿ ಒಳಸೇರುತ್ತದೆ. ಫ್ಯಾನಿನ ಗಾಳಿಗೆ ಒಣಗಿಸಿ ತಂತ್ರಜ್ಞರಿಗೆ ಒಪ್ಪಿಸುವುದೇ ಸರಿ. ಆಂಪ್ಲಿಫೈಯರಿನ ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರುವುದರಿಂದ ಅದನ್ನು ತಾವಾಗಿಯೇ ಬಿಚ್ಚಬಾರದು. ನೆರೆನೀರಿನಲ್ಲಿ ಮುಳುಗಿದ್ದಾದರೆ ಬರೇ ಒಣಗಿಸಿದರೆ ಸಾಲದು. ಒಳಗೆ ಉಳಿದ ಕೆಸರು, ಲವಣ ಸರ್ಕ್ಯೂಟನ್ನು ಕೊರೆಯುತ್ತಲೇ ಇರುತ್ತದೆ.

ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ದಾಖಲಾದ 2005ರ ಜುಲೈ 26ನ್ನು ಮಹಾನಗರದ ಕನ್ನಡಿಗರು ಮರೆತಿಲ್ಲ. ಅಂತಹ ಮಳೆ ಪ್ರತಿವರ್ಷ ಬಾರದು. ಆದರೆ ಚಪ್ಪರದ ಒಂದು ತೂತಿನಿಂದ ಸೋರುವ ನೀರು ಸಾಕು. ಸಂಘಗಳ ಕಾರ್ಯಕಾರಿ ಸಮಿತಿಗಳು ಹೂಹಾರ, ಊಟೋಪಚಾರದ ಹೊಣೆ ಹಂಚುವಾಗ ವಿದ್ಯುತ್ ಮತ್ತು ಧ್ವನಿವರ್ಧಕದ ಹೊಣೆಯನ್ನೂ ತಿಳಿದ ಒಬ್ಬರಿಗೆ ವಹಿಸಬೇಕು. ಬಾಡಿಗೆಯ ಸಾಮಗ್ರಿಯಾದರೆ ಮಳೆಯಿಂದಾಗುವ ಹಾನಿ ಯಾರ ಪಾಲಿಗೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.