ಹುಡುಕಾಟ ಎಲ್ಲಿಗೆ ನಿಲ್ಲಬೇಕು?

ಮನೆಯ ಮೂಲೆಯಲ್ಲೊಂದು ಪುಟ್ಟ ಕಂಪ್ಯೂಟರ್, ಅದರ ಡಿಸ್ಕಿನ ತುಂಬ ಸಿನಿಮಾ, ನಡೆಸಲು ಜೆಲ್ಲಿಫಿನ್ ಅಥವಾ ಪ್ಲೆಕ್ಸ್ ಎಂಬ ಸಾಫ್ಟ್‌ವೇರ್. ಹೋಮ್ ಮೀಡಿಯಾ ಸರ್ವರ್ ಎಂದರೆ ಇಷ್ಟೇ. ಫೈಲ್ ಇದ್ದ ಹಾಗೇ ಟಿವಿಗೆ ಅರ್ಥವಾದರೆ ಓದಿ ಕಳಿಸಿದರಾಯಿತು, ಸರ್ವರ್‌ಗೆ ಆಯಾಸವೇ ಇಲ್ಲ. ಹಳೆಯ ಟಿವಿಗೆ ಎಚ್‌ಇವಿಸಿ ಎಂಬ ಕುಗ್ಗಿಸುವ ವಿಧಾನ ಗೊತ್ತಿಲ್ಲ, ಅಥವಾ ಪ್ರಯಾಣದಲ್ಲಿರುವವರ ಮೊಬೈಲ್ ಡೇಟಾ 4ಕೆ ಚಿತ್ರವನ್ನು ತಾಳದು ಎಂದಾಗ ತಾಪತ್ರಯ ಶುರು. ಸಿನಿಮಾ ಓಡುತ್ತಿರುವಂತೆಯೇ ಅದನ್ನು ಬಿಚ್ಚಿ, ಬೇರೆ ರೂಪದಲ್ಲಿ ಮತ್ತೆ ಕಟ್ಟಬೇಕು. ಇದೇ ಟ್ರಾನ್ಸ್‌ಕೋಡಿಂಗ್.

ಬಿಚ್ಚುವುದಕ್ಕಿಂತ ಕಟ್ಟುವುದು ಕಷ್ಟ. ಕುಗ್ಗಿಸದ 1080ಪಿ ಚಿತ್ರದ ಒಂದು ಫ್ರೇಮೇ ಸುಮಾರು 3 ಎಂಬಿ. ಸೆಕೆಂಡಿಗೆ 24 ಫ್ರೇಮಿನಂತೆ 75 ಎಂಬಿ ಹತ್ತಿರ. ಇದನ್ನು ಕುಗ್ಗಿಸಿ ಕಟ್ಟುವ ಎಚ್.264 ಎನ್‌ಕೋಡರ್ ಪ್ರತಿ ಫ್ರೇಮನ್ನೂ 16×16 ಪಿಕ್ಸೆಲ್‌ಗಳ 8,160 ಚೌಕಗಳಾಗಿ ಕತ್ತರಿಸುತ್ತದೆ. ನಾಯಕ ಬಲಕ್ಕೊಂದು ಹೆಜ್ಜೆ ಇಟ್ಟ ಎನ್ನಿ. ಅವನ ಅಂಗಿಯ ಗುಂಡಿಯಿರುವ ಚೌಕ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತೆಂದು ಹುಡುಕಿ, ಅಲ್ಲಿಂದ ಇಷ್ಟು ಸರಿದಿದೆ ಎಂದು ಬರೆದಿಡುತ್ತದೆ. ಹೊಂದದೆ ಉಳಿದ ವ್ಯತ್ಯಾಸಕ್ಕೆ ಮಾತ್ರ ಹೆಚ್ಚಿನ ಬಿಟ್‌ಗಳ ಖರ್ಚು. ಎಷ್ಟು ದೂರ ಹುಡುಕಬೇಕು, ಕಾಲು ಪಿಕ್ಸೆಲ್‌ನಷ್ಟು ಸೂಕ್ಷ್ಮಕ್ಕೂ ಇಳಿಯಬೇಕೆ, ಎಷ್ಟು ಫ್ರೇಮುಗಳನ್ನು ಕೆದಕಬೇಕು? ದಾರಿ ಕವಲೊಡೆಯುವುದು ಇಲ್ಲೇ.

ಸಿಪಿಯುವಿನ ಮೇಲೆ ಓಡುವ ಎಕ್ಸ್264 ಎಂಬ ಸಾಫ್ಟ್‌ವೇರ್ ಹೇಳಿದಷ್ಟು ಹುಡುಕುತ್ತದೆ. 'ಅಲ್ಟ್ರಾಫಾಸ್ಟ್'ನಿಂದ 'ವೆರಿಸ್ಲೋ' ದಾಟಿ 'ಪ್ಲಸೀಬೊ'ವರೆಗೆ ಅದಕ್ಕೆ ಹಲವು ಹಂತಗಳು. ಕೊನೆಯದಕ್ಕೆ ಹೆಸರಿಟ್ಟವರ ಕುಚೋದ್ಯ ಮೆಚ್ಚಬೇಕು: ಗಂಟೆಗಟ್ಟಲೆ ಹೆಚ್ಚು ದುಡಿದದ್ದು ಕಣ್ಣಿಗೇ ಕಾಣದು! 2011ರಲ್ಲಿ ಇಂಟೆಲ್ ತನ್ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಲ್ಲಿ ಕ್ವಿಕ್ ಸಿಂಕ್ ತಂದಿತು; ಮರುವರ್ಷ ಎನ್‌ವಿಡಿಯಾದ ಎನ್‌ವೆಂಕ್ ಬಂತು. ಇವು ಇದೇ ಕೆಲಸಕ್ಕೆಂದೇ ಮೀಸಲಾದ ಸರ್ಕ್ಯೂಟ್‌ಗಳು. ಹುಡುಕಾಟದ ಮಿತಿ ಬಹುಪಾಲು ಸಿಲಿಕಾನಿನಲ್ಲೇ ಕೂತಿರುತ್ತದೆ. 6 ವಾಟ್‌ನ ಇಂಟೆಲ್ ಎನ್100 ಚಿಪ್ಪಿನ ನಾಲ್ಕು ಕೋರ್‌ಗಳು 4ಕೆ ಚಿತ್ರವೊಂದಕ್ಕೇ ತಿಣುಕಿದರೆ, ಅದರೊಳಗಿನ ಕ್ವಿಕ್ ಸಿಂಕ್ ಒಂದಕ್ಕಿಂತ ಹೆಚ್ಚನ್ನು ಒಟ್ಟಿಗೇ ಸಲೀಸಾಗಿ ನಿಭಾಯಿಸುತ್ತದೆ.

ಬಿಟ್‌ರೇಟ್ ತೀರ ಇಳಿಸಿದಾಗ ಈ ಸರ್ಕ್ಯೂಟ್‌ಗಳ ಹುಳುಕು ಕಾಣುತ್ತದೆ. ಕತ್ತಲ ಕೋಣೆಯ ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಮಳೆಯ ಹನಿಗಳು ಕಲಸಿಹೋಗುತ್ತವೆ. ಆದರೆ ಫ್ರೇಮ್ ನಿಲ್ಲಿಸಿ, ಝೂಮ್ ಮಾಡಿ ಜಗಳವಾಡುವವರು ಸಿನಿಮಾ ನೋಡುವುದು ಯಾವಾಗಲೋ ಕಾಣೆ. ಒಮ್ಮೆ ನೋಡಿ ಮರೆಯುವ ಸ್ಟ್ರೀಮ್‌ಗೆ ಚಿಪ್ಪೇ ಸರಿ. ವರ್ಷಗಟ್ಟಲೆ ಇಟ್ಟುಕೊಳ್ಳುವ ಫೈಲನ್ನು ಕುಗ್ಗಿಸುವುದಿದ್ದರೆ ಸಾಫ್ಟ್‌ವೇರ್‌ಗೆ ಒಪ್ಪಿಸಿ, ರಾತ್ರಿಯಿಡೀ ಓಡಲಿ.

ಇನ್ನೊಂದು ವಿಷಯ. ಬ್ಲೂ-ರೇ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಅವನ್ನು ತಾನೇ ತೋರಿಸಲಾರದ ಟಿವಿಗಾಗಿ ಸರ್ವರ್ ಇಡೀ ಸಿನಿಮಾವನ್ನು ಮತ್ತೆ ಕಟ್ಟಿ, ಫ್ರೇಮಿನ ಮೇಲೇ ಅವನ್ನು ಅಚ್ಚೊತ್ತುತ್ತದೆ. ಸರ್ವರ್ ಏದುಸಿರು ಬಿಡುತ್ತಿದ್ದರೆ, ಹೊಸ ಚಿಪ್ ಕೊಳ್ಳುವ ಮುನ್ನ ಅದೇ ಸಬ್‌ಟೈಟಲ್ಲಿನ, ಅಕ್ಷರಗಳಲ್ಲೇ ಇರುವ ಎಸ್‌ಆರ್‌ಟಿ ಫೈಲ್ ಹಾಕಿ ನೋಡಿ.